ಹಣದ ಮೂಲ

ಎಂಟನೇ ಪುಟಕ್ಕೆ ಬಂದಾಗ ಎಲ್ಲರ ಪೆನ್ನೂ ನಿಲ್ಲುತ್ತದೆ:
ಹಣ ಎಲ್ಲಿಂದ?

ಡುಲೂತ್‌ನಲ್ಲಿ ಮಾರ್ಚ್ ಅಂದರೂ ಬಂದರಿನ ನೀರು ಕಲ್ಲು.
ಟೆಸ್ಸಾ ಹಾಕಲಾ ಬೂಟು ಕೊಡವಿ ಒಳಬಂದಳು.
ಒಂದು ಸೆಮಿಸ್ಟರ್, ಚಿಲಿ ದೇಶ, ಖಗೋಳಶಾಸ್ತ್ರ.
ಇಲ್ಲಿಂದ ಕಾಣದ ಮಿಕ್ಕ ಆಕಾಶ ಬೇಕಂತೆ ಅವಳಿಗೆ.

ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ:
ಸಾಲ, ಆರು ಸಾವಿರ.
ಅಜ್ಜಿ ಬಿಂಗೋದಲ್ಲಿ ಗೆದ್ದದ್ದು, ನಾನೂರು.
ಪ್ಲಾಸ್ಮಾ ಮಾರಿದ್ದು, ಮಂಗಳವಾರ, ಗುರುವಾರ.

ಮೊಣಕೈಯ ಒಳಮಡಿಕೆಯಲ್ಲಿ
ಹುಣಸೆಬೀಜದಷ್ಟು ಕಲೆ.
"ಇದನ್ನ ಆದಾಯ ಅಂತ ಹಾಕಬಹುದಾ?"
ನಿಯಮದ ಪುಸ್ತಕ ತಿರುವಿದೆ. ಉತ್ತರವಿರಲಿಲ್ಲ.

ನನ್ನ ಸರದಿಯಲ್ಲಿ,
ಗಂಗಾವತಿಯ ಅಕ್ಕಿ ಗಿರಣಿಯ ಸಂಗಮೇಶಣ್ಣ
ಅಪ್ಪನ ಖಾತೆಗೆ ಹದಿನೆಂಟು ಲಕ್ಷ ಹಾಕಿದ್ದ
ನಾಲ್ಕೇ ದಿನಕ್ಕೆ, ವೀಸಾದವರಿಗೆ ತೋರಿಸಲು.
ಅಪ್ಪ ಕನ್ನಡಕ ಒರೆಸಿ ಒರೆಸಿ ಪಾಸ್‌ಬುಕ್ ನೋಡಿದ.
ಮೂರನೇ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ,
ಯಾರದೋ ಕೂಸು ನಮ್ಮ ತೊಟ್ಟಿಲಲ್ಲಿ ಮಲಗಿದಂತೆ.
ಐದನೇ ದಿನ ನಾವು ಮತ್ತೆ ನಾವೇ.
ಆ ಕಾಗದದಲ್ಲಿ ಸುಳ್ಳಿನ ಒಂದಂಕಿಯೂ ಇರಲಿಲ್ಲ.
ಮೊಹರು ಬಿತ್ತು.

ಇವಳದು ಅಷ್ಟೂ ನಿಜ,
ಹಾಗಾಗಿ ಎಂಟುನೂರ ಹತ್ತು ಡಾಲರ್ ಸಾಲದು.

"ಇನ್ನೆಷ್ಟು ವಾರ?"
ಬೆರಳು ಮಡಿಸಿ ಎಣಿಸಿದಳು.
"ಎಂಟು. ಕಬ್ಬಿಣಾಂಶ ಕಡಿಮೆ ಬಂತು ಅಂತ
ವಾಪಸ್ ಕಳಿಸದಿದ್ದರೆ."

ಡ್ರಾಯರಿನಲ್ಲಿ ನನ್ನ ಖರ್ಜೂರದ ಪೊಟ್ಟಣವಿತ್ತು.
ಮೇಜಿನಾಚೆ ತಳ್ಳಿದೆ.
ಕೊನೆಯ ದಿನಾಂಕ ಎಂಬ ಚೌಕದಲ್ಲಿ
ಪೆನ್ಸಿಲ್ಲಿನಿಂದ ಬರೆದೆ,
ತೆಳ್ಳಗೆ.