ಸಿಪ್ಪೆಯ ಮೇಲಿನ ಲೆಕ್ಕ

ಬಯಲಿನಲ್ಲಿ ಇದಕ್ಕೆ ಬೆಟ್ಟದ ಹೆಸರು.
ಗುಂಡ್ಲುಪೇಟೆಯ ಸೌದೆ ಮಂಡಿಯವನು
ನೀಲಗಿರಿ ಎಷ್ಟು ಟನ್ ಬೇಕು ಅನ್ನುತ್ತಾನೆ,
ಗುಡ್ಡವನ್ನೇ ತೂಗಿ ಕೊಡುವವನ ಹಾಗೆ.
ಇಲ್ಲಿ, ಆ ಬೆಟ್ಟದ ಮೇಲೆಯೇ, ನಡುವಟ್ಟದಲ್ಲಿ
ಹಾಗಂದರೆ ನಗುತ್ತಾರೆ.
ಇಲ್ಲಿ ಇದು ಕಪ್ಪೂರದ ಮರ.
ಕಪ್ಪೂರವೂ ಅಲ್ಲ, ಈ ಊರಿನದೂ ಅಲ್ಲ,
ಹಡಗು ಹತ್ತಿ ಬಂದದ್ದು, ಬೀಜ ಸಾಸಿವೆಗಿಂತ ಪುಡಿ.

ನನ್ನ ಕೆಲಸ ನಂಬರು ಹಾಕುವುದು.
ಬಿಳಿ ಬಣ್ಣದ ಡಬ್ಬ, ತಗಡಿನ ಅಚ್ಚು,
ಒಂದು ಮೊಂಡು ಬ್ರಷ್ಷು.
ಎದೆಮಟ್ಟಕ್ಕೆ ಬರೆಯಬೇಕು. ಬರೆಸಿಕೊಂಡದ್ದು ಉರುಳುತ್ತದೆ.
ಮತ್ತೆ ಹುಲ್ಲುಗಾವಲು ಮಾಡುತ್ತಾರಂತೆ,
ಬತ್ತಿದ ಜೌಗು ಮತ್ತೆ ಜಿನುಗಬೇಕಂತೆ.
ಸರಿಯೇ ಇದ್ದೀತು.
ಇದರ ಬುಡದಲ್ಲಿ ಹುಲ್ಲು ತಲೆಯೆತ್ತಿದ್ದನ್ನು ನಾನೂ ಕಂಡಿಲ್ಲ.

ಮಧ್ಯಾಹ್ನ ನೆರಳಿಗೆಂದು ಕೂತೆ.
ಮೇಲೆ ನೂರಡಿ ಮರ, ಮೈತುಂಬ ಎಲೆ,
ನನ್ನ ಬುತ್ತಿಯ ಮೇಲೆ ಪೂರಾ ಬಿಸಿಲು.
ಕುಡುಗೋಲಿನಂಥ ಎಲೆ, ಅಲಗಷ್ಟೇ ಸೂರ್ಯನಿಗೆ ಕೊಟ್ಟು
ಮುಖ ಅತ್ತ ತಿರುಗಿಸಿಕೊಂಡು ನೇತಾಡುತ್ತದೆ,
ಸಾಲ ಕೇಳುವವನು ಬಂದನೆಂದು ಕಂಡ ನೆಂಟನ ಹಾಗೆ.
ಟಪ್ಪೆಂದು ಡಬ್ಬದೊಳಗೆ ಏನೋ ಬಿತ್ತು.
ಮೊಗ್ಗಿನ ಮುಚ್ಚಳ. ಗಂಟುಗಂಟು, ಪುಟ್ಟ ಟೊಪ್ಪಿಯ ಹಾಗೆ.
ಈ ಹೂವಿಗೆ ಎಸಳಿಲ್ಲ;
ಟೊಪ್ಪಿ ತೆಗೆದರೆ ಒಳಗೆಲ್ಲ ನರೆಗೂದಲು.

ಸಿಪ್ಪೆ ಕೆತ್ತಿ ಬರಿ ಅಂದಿದ್ದರು ರೇಂಜರು.
ರಟ್ಟೆ ನೋಯುತ್ತಿತ್ತು. ಸಿಪ್ಪೆಯ ಮೇಲೆಯೇ ಬರೆದೆ.
ಅಳತೆಯವರು ಬರುವುದು ತಡವಾಯಿತು,
ಗಾಳಿಯ ತಿಂಗಳು ಮೊದಲು ಬಂತು.
ರಾತ್ರಿಯೆಲ್ಲ ಪರಪರ ಸದ್ದು, ಯಾರೋ
ಹಳೆ ಪಂಚೆ ಹರಿದು ಪಟ್ಟಿ ಮಾಡುತ್ತಿರುವಂತೆ.
ಬೆಳಿಗ್ಗೆ ಹೋಗಿ ನೋಡುತ್ತೇನೆ, ನನ್ನ ಸಾಲಿನಲ್ಲಿ ಒಂದು ಅಂಕಿಯೂ ಇಲ್ಲ.
ಎಣ್ಣೆನೀರು ಹೊಯ್ಸಿಕೊಂಡ ಕೂಸಿನ ಬೆನ್ನಿನಂತೆ
ಮರ ಮರವೂ ಹೊಸದು, ನುಣ್ಣಗೆ,
ಮುಟ್ಟಿದರೆ ತಣ್ಣಗೆ.

ಇಳಿಜಾರಿನ ಕೆಳಗೆ ಮಿಚ್ಚಿ ಹೆತ್ತೆಯ ಒಲೆ.
ತಾಮ್ರದ ಹಂಡೆಯಲ್ಲಿ ಎಲೆ ಬೇಯುತ್ತದೆ, ತಗಡಿನ ಗುಡಿಸಲು,
ಕೊಳವೆಯ ತುದಿಯಲ್ಲಿ ಬಾಟಲಿ
ತೊಟ್ಟು, ಮತ್ತೊಂದು ತೊಟ್ಟು, ತುಂಬಲು ಸಂಜೆ.
ಒಲೆಗೆ ಹಾಕುವುದು ಇದರದೇ ಸಿಪ್ಪೆ:
ಮರದ ಮೈಯಿಂದ ಮರದ ಎಲೆಗೆ ಬೆಂಕಿ.
ನನ್ನ ಕಂಡು ಒಳಗೆ ಹೋದಳು,
ಹಗ್ಗ ಬಿಗಿದ ಒಂದು ಕಟ್ಟು ತಂದು ಮುಂದಿಟ್ಟಳು.
ನಾನೂರ ಹನ್ನೆರಡು. ಸುರುಳಿಯಾದ ನಾನೂರ ಹದಿನೈದು.
ಎಪ್ಪತ್ತರ ಅರ್ಧ.
ಓದು ಬಾರದು ಅವಳಿಗೆ. ಬಿಳಿ ಕಂಡದ್ದನ್ನೆಲ್ಲ
ಒಲೆಗೆ ಹಾಕದೆ ಎತ್ತಿಟ್ಟಿದ್ದಳು.
‘ನಿನ್ನದು ಬಿದ್ದಿತ್ತು’ ಅಂದಳು, ‘ತಗೋ.’

ಎರಡನೆಯ ಸಲ ಕೆತ್ತಿಯೇ ಬರೆದೆ.
ಗರಗಸ ಬಂತು, ಲಾರಿ ಬಂತು,
ಮೊದಲ ಸಲ ನಡುವಟ್ಟದಿಂದ ಕೆಳಗಿನ ಬಯಲು ಕಂಡಿತು.
ಒಂದು ಮಳೆ ಹೋಗಲಿಲ್ಲ,
ಬುಡದ ಅಂಚಿನಲ್ಲಿ ಏಳೆಂಟು ಚಿಗುರು.
ಚೌಕ ದಂಟು. ತೊಟ್ಟೇ ಇಲ್ಲದ ದುಂಡನೆಯ ಎಲೆ
ಎದುರುಬದುರಾಗಿ ದಂಟನ್ನು ತಬ್ಬಿಕೊಂಡು ಕೂತಿವೆ,
ವಿಭೂತಿ ಬಳಿದ ನೀಲಿ.
ಆ ಕುಡುಗೋಲಿನವನದೇ ಬೇರು ಇದು ಎಂದರೆ ಯಾರು ನಂಬುತ್ತಾರೆ?
ಕಡಿದಾಗಲೆಲ್ಲ ಇದು ಬಾಲ್ಯದಿಂದ ಶುರುಮಾಡುತ್ತದೆ.
ಈಗ ಬುಡಗಳಿಗೂ ನಂಬರು ಬೇಕಂತೆ.
ದಂಟು ನನ್ನ ಒಂದಂಕಿಗಿಂತ ಸಪೂರ.

ಕೈಗೆ ಮೆತ್ತಿದ ಬಣ್ಣ ಸೀಮೆಎಣ್ಣೆಗೂ ಜಗ್ಗಿರಲಿಲ್ಲ.
ಹೆತ್ತೆ ಒಂದು ಮುಚ್ಚಳ ಎಣ್ಣೆ ಅಂಗೈಗೆ ಸುರಿದಳು.
ತಿಕ್ಕಿದೆ. ಉಗುರಿನ ಸಂದಿಯ ಬಿಳಿಯೂ ಹೋಯಿತು.
ಗೂಡಲೂರಿನ ಬಸ್ಸಿನಲ್ಲಿ ಪಕ್ಕದವನು
ಮೂಗರಳಿಸಿ, ಸ್ವಲ್ಪ ಸರಿದು, ಮೆತ್ತಗೆ ಕೇಳಿದ:
‘ಮನೆಯಲ್ಲಿ ಯಾರಿಗೆ ನೆಗಡಿ?’