ಅತ್ತಿಯ ಬಾಯಿ

ಜ್ವಾಳದ ಡಬ್ಬಿಗೆ ಒರಗಿಸಿ ಇಟ್ಟಿದ್ದೆ ಫೋನು,
ರೊಟ್ಟಿ ಬಡಿಯೂದು ತೋರಿಸೋಣಂತ.
ರೊಟ್ಟಿ ಯಾರೂ ನೋಡಲಿಲ್ಲ.
ಹಿಂದ ಪಡಸಾಲ್ಯಾಗ ನಮ್ಮತ್ತಿ ನೀಲಗಂಗವ್ವ
ಒಣಹಾಕಿದ ಶೇಂಗಾಕ್ಕ ಬಾಯಿಹಾಕಿದ
ಮಗ್ಗಲಮನಿ ಆಡಿಗೆ ಬೈದದ್ದು
ಒಂದ ರಾತ್ರ್ಯಾಗ ನಾಕು ಲಕ್ಷ ಮಂದಿ ನೋಡಿದರು.

"ನಿನ್ನ ಗಂಟಲಾಗ ಮೈಂದರ್ಗಿ ಬಸ್ಸು ಸಿಗಲಿ,
ಕಂಡಕ್ಟರನ ಸಮೇತ!"

ಈ ಮುದುಕಿ ಆ ಕಡಿಯವಳೋ ಈ ಕಡಿಯವಳೋ ಅಂತ
ನೋಡಿದವರೊಳಗ ಜಗಳ.
ಎಣಸೂದು ಮರಾಠಿ, ಬೈಯೂದು ಕನ್ನಡ,
ನಮ್ಮ ಮನಿ ಲೆಕ್ಕ ಮೊದಲಿಂದ ಹಂಗ ಅದ.

ಮೂರು ತಿಂಗಳಿಗೆ ಬ್ಯಾಂಕಿನ ಮೆಸೇಜು ಬಂತು:
ಹನ್ನೊಂದು ಸಾವಿರದ ಆರನೂರಾ ನಲವತ್ತು.
ನನ್ನ ಗಂಡ ದುಧನಿ ಅಡತ್ಯಾಗ
ತಿಂಗಳೆಲ್ಲ ತೊಗರಿ ಚೀಲ ಹೊತ್ತರ ಒಂಬತ್ತು.
ಸುದ್ದಿ ಕೇಳಿ ಕೈಕಾಲು ತೊಳಕೊಂಡ,
ಉಣ್ಣಾಕ ಕುಂತ.
ಸಾರು ಸಪ್ಪಗಿತ್ತು. ಉಪ್ಪು ಕೇಳಲಿಲ್ಲ.

ಅತ್ತಿ ಮಾತ್ರ ಕೇಳಿದಳು:
"ಯಾರು ಕೊಟ್ಟಾರ? ಅವರಿಗೆ ನಾ ಏನೂ ಅಂದಿಲ್ಲಲ್ಲ?
ನಲವತ್ತು ವರ್ಷ ಫುಕಟ ಬೈದೀನಿ,
ನಿಮ್ಮ ಮಾವ ಒಂದು ಕಪ್ಪು ಚಹಾ ಕುಡಿಸಲಿಲ್ಲ."

ಮರುದಿನ ತಲಿ ಬಾಚಿಕೊಂಡಳು,
ಟ್ರಂಕಿನಾಗಿನ ಇಳಕಲ್ ಸೀರಿ ಉಟ್ಟಳು.
"ಚಾಲೂ ಆತೇನು?"
ಆತು ಅಂದೆ.
ಆಡು ಬಂದು ನಿಂತಿತ್ತು.
ಅತ್ತಿ ಆಡಿನ ನೋಡಿದಳು, ಫೋನ್ ನೋಡಿದಳು,
ಮತ್ತ ಆಡಿನ ನೋಡಿದಳು.
"ತಿನ್ನವ್ವ" ಅಂದಳು. "ಪಾಪ."

ಆರನೂರು ಮಂದಿ ನೋಡಿದರು ಅದನ್ನ.

ಫೋನಿನ ಕಂತು ಇನ್ನೂ ಎಂಟು ಬಾಕಿ.
ಅಡಕಿ ಚೀಲ ಮುಚ್ಚಿಟ್ಟೆ,
ಬೇಕಂತ ಹಾಲು ಉಕ್ಕಿಸಿದೆ,
ಚಪ್ಪಲಿ ಹೊಸ್ತಿಲ ಮ್ಯಾಲ ಬಿಟ್ಟೆ.
ಅತ್ತಿ ಎಲ್ಲಾ ನೋಡಿ
ನನ್ನ ಕಡೆ ಮಕ ಮಾಡಿ ಮೆಲ್ಲಕ ಕೇಳಿದಳು:
"ಸಿಟ್ಟಿಗೆ ಏನರ ಬೇಕಾಗ್ಯಾವೇನು, ಮಗಳ?"
ನಾ ಒಲಿಯೊಳಗ ಊದಿದೆ. ಒಲಿ ಉರೀತಾನ ಇತ್ತು.

ಮೊನ್ನೆ ಉಣ್ಣು ಹೊತ್ತಿನಾಗ ಕರೆಂಟು ಹೋತು.
ಆವಾಗ ಸುರುವಾತು ನೋಡ್ರಿ
ಲೈನಮನ್‌ಗ, ಲೈನಮನ್ ಹತ್ತಿದ ಕಂಬಕ್ಕ,
ಅವಗ ಹೆಣ್ಣು ಕೊಟ್ಟ ಊರಿಗೆ.
ಮೊದಲು ಕನ್ನಡದಾಗ,
ಅವಗ ತಿಳೀದಿದ್ದೀತಂತ ಮತ್ತೊಮ್ಮೆ ಮರಾಠಿಯೊಳಗ.

ಫೋನು ನನ್ನ ತೊಡಿ ಮ್ಯಾಲ ಇತ್ತು,
ಎರಡು ಪರ್ಸೆಂಟು ಚಾರ್ಜು.
ಒಂದು ಮಿನಿಟಿಗೆ ಸಾಕಾಗತಿತ್ತು.

ಕತ್ತಲಾಗ ಗಂಡ ನಕ್ಕದ್ದು ಕೇಳಿಸ್ತು.
"ಉಪ್ಪು ತಾ" ಅಂದ.