ಕೇಳುವ ಸರದಿ

ರಾತ್ರಿ ಎರಡೂ ಹತ್ತಕ್ಕೆ ಬಾಗಿಲ ಕಿಂಡಿ ಸರಿಯಿತು.
"ಇನಿಸ್, ನಿನ್ನ ಸರದಿ. ಮೂರನೇ ಅಂತಸ್ತು. ಹೊಸಬ."
ಮೂರು ಹೆಜ್ಜೆಯ ಕೋಣೆಯಲ್ಲೂ ಚಪ್ಪಲಿ ಕಳೆದುಹೋಗುತ್ತದೆ;
ತಡಕಿದೆ. ಎರಡು ಟೀ ಪೊಟ್ಟಣ, ಆರು ಬಿಸ್ಕತ್ತು, ಫ್ಲಾಸ್ಕು:
ಇಷ್ಟೇ ನನ್ನ ಔಷಧದ ಪೆಟ್ಟಿಗೆ.

ಅಬರ್ಡೀನಿನಾಚೆಯ ಈ ಜೈಲಿಗೆ
ಕಡಲು ಕೇಳಿಸುತ್ತದೆ, ಕಾಣಿಸುವುದಿಲ್ಲ.
ನಮಗೆ ಆರು ವಾರ ಕೂರಿಸಿ ಕಲಿಸಿದ್ದಾರೆ:
ಬುದ್ಧಿ ಹೇಳಬೇಡ. ಎಲ್ಲ ಸರಿಹೋಗುತ್ತೆ ಅನ್ನಬೇಡ.
ಮೌನ ಬಂದರೆ ಎದ್ದು ಕುರ್ಚಿ ಕೊಡು.
ಸಾಯುವ ಯೋಚನೆ ಇದೆಯಾ ಎಂದು ನೇರ ಕೇಳು,
ಟೀಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲೇ.

ಡೂಗಲ್, ಇಪ್ಪತ್ತೆರಡರವನು,
ಮಂಚದಂಚಿಗೆ ಮೊಳೆ ಹೊಡೆದಂತೆ ಕೂತಿದ್ದ,
ಅಂಗಿತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು.
ಕೇಳಿದೆ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಕೇಳಿದ ಮೇಲೆ ಕೇಳುತ್ತ ಕೂರಬೇಕು.
ಕೂತೆ.

ಮೂರಾಯಿತು. ಹೀಟರಿನ ಪೈಪು ಟಿಣ್ಣೆಂದಿತು.
ಕೆಳಗೆ ಯಾರೋ ಕನಸಿನೊಳಗಿಂದಲೇ ಕೆಮ್ಮಿದರು.
ಅವನ ಟೀ ಮೇಲೆ ತೆಳ್ಳನೆ ಪೊರೆ ಕಟ್ಟಿತು.
ನನ್ನೊಳಗಿನ ಹಳೆಯದೊಂದು ಎದ್ದು ನಿಂತು
ನಾನು ಹೇಳಲಾ ಎಂದಿತು. ಕೂರು, ಎಂದೆ,
ಇದು ನಿನ್ನ ಸರದಿಯಲ್ಲ.

ನಾಲ್ಕಕ್ಕೆ ಬಾಯಿಂದ ಉದುರಿದ ಮೊದಲ ಮಾತು:
"ಪಾರಿವಾಳ."
ಗ್ಲಾಸ್ಗೋದಲ್ಲಿ, ಕೆಡವಿದ ಮಹಡಿಮನೆಗಳ ಬಯಲಲ್ಲಿ,
ತಗಡು ಬಡಿದು ಎತ್ತಿದ ಗೂಡು-ಗೋಪುರ,
ಅವನೂ ತಾತನೂ ಸೇರಿ ಕಟ್ಟಿದ್ದು.
ಬೂದುಬಣ್ಣದ ಹೆಣ್ಣೊಂದು, ಹೆಸರು ಸಾರ್ಜೆಂಟು,
ಪಕ್ಕದ ಗೋಪುರದ ಗಂಡುಗಳನ್ನೆಲ್ಲ
ಮರುಳುಮಾಡಿ ಮನೆಗೆ ತರುತ್ತಿತ್ತಂತೆ.
ನಕ್ಕ. ನಗುವಿನ ಮಧ್ಯದಲ್ಲೇ ಮುರಿದ:
"ಈಗ ಕಾಳು ಯಾರು ಹಾಕ್ತಾರೆ?
ತಾತನಿಗೆ ಏಣಿ ಹತ್ತೋಕಾಗಲ್ಲ."

ತೀರ್ಪಿನ ದಿನ ಅಳದವನು
ಹಿಡಿ ಕಾಳಿಗಾಗಿ ಅತ್ತ, ತೋಳಲ್ಲಿ ಮೂಗೊರೆಸುತ್ತ.
ಆಮೇಲೆ ದಿಂಬಿನಡಿಯಿಂದ ಏನೋ ತೆಗೆದು
ನನ್ನ ಖಾಲಿ ಮಗ್ಗಿನೊಳಗೆ ಇಟ್ಟ.
ಏನೆಂದು ಬರೆಯುವುದಿಲ್ಲ; ಕೇಳಿದ್ದು ಕೇಳಿದಲ್ಲೇ ಇರಬೇಕು.
ಚಮಚದಷ್ಟೂ ತೂಕವಿರಲಿಲ್ಲ,
ಹೊತ್ತು ತರುವಾಗ ಕೈ ನಡುಗಿತು.

ಬೆಳಗಿನ ಪಾಳಿಯವನು ಕೇಳಿದ, ಹೇಗಿದ್ದಾನೆ?
"ಬಿಸ್ಕತ್ತು ಖಾಲಿ ಮಾಡಿದ" ಎಂದೆ.

ಹನ್ನೊಂದು ವರ್ಷದ ಹಿಂದೆ, ಒಂದು ಹೋಟೆಲಿನ ಹಿಂಬಾಗಿಲಲ್ಲಿ,
ಒಬ್ಬ ನನ್ನೆದುರು ಕೈ ಅಡ್ಡ ಹಿಡಿದು
ಏನೋ ಹೇಳಲು ಬಾಯಿ ತೆರೆದಿದ್ದ.
ಏನೆಂದು ನನಗೆ ಇನ್ನು ಯಾರೂ ಹೇಳಲಾರರು.

ಮಲಗಿದೆ. ನಿದ್ದೆ ಬರಲಿಲ್ಲ.
ಗೋಡೆಯಾಚೆ ಕಡಲು ತನ್ನಷ್ಟಕ್ಕೆ ಏನೋ ಗೊಣಗುತ್ತಿತ್ತು.
ಆ ಏಣಿಗೆ ಎಷ್ಟು ಮೆಟ್ಟಿಲು, ಕೇಳುವುದನ್ನೇ ಮರೆತೆ.
ಗುರುವಾರ ಕೇಳಬೇಕು.